ಚೌತಿ ಹೊತ್ತಿಗೆ ಬಿದ್ದುಹೋದ ಬ್ಲಾಗ್, ಮತ್ತೆ ನಾನು ಹೋಸ್ಟಿಂಗ್ ಹುಡುಕಿದ ಕಥೆ

2024ರ ಸೆಪ್ಟೆಂಬರ್ 5, ಗುರುವಾರ. ಮರುದಿನ ಗೌರಿ ಹಬ್ಬ, ಅದರ ಮಾರನೇ ದಿನ ಚೌತಿ. ಸಂಜೆ ಏಳೂವರೆಗೆ ಅಡುಗೆಮನೆಯಲ್ಲಿ ಕಡುಬಿಗೆ ಕಾಯಿ ತುರಿಯುತ್ತಾ ಕೂತಿದ್ದೆ. ಫೋನಿಗೆ ಒಂದು ಮೆಸೇಜ್ ಬಂತು. "ಅಕ್ಕಾ, ನಿಮ್ಮ ಚಕ್ಕುಲಿ ಪೇಜ್ ಓಪನ್ ಆಗ್ತಿಲ್ಲ. ಹಿಟ್ಟಿನ ಅಳತೆ ಬೇಕಿತ್ತು." ಕೈ ಒರೆಸಿಕೊಂಡು ನೋಡಿದೆ. ಬಿಳಿ ಪುಟದ ಮೇಲೆ 508 ಅಂತ ಒಂದು ಸಂಖ್ಯೆ, ಕೆಳಗೆ "ರಿಸೋರ್ಸ್ ಲಿಮಿಟ್ ಈಸ್ ರೀಚ್ಡ್" ಅನ್ನುವ ಸಾಲು. ಅಷ್ಟೇ.

ಹೋಸ್ಟಿಂಗ್ ಕಂಪನಿಯ, ಅಂದರೆ ನನ್ನ ಬ್ಲಾಗನ್ನು ತಮ್ಮ ಸರ್ವರ್ ಅನ್ನುವ ಕಂಪ್ಯೂಟರಿನಲ್ಲಿ ಬಾಡಿಗೆಗೆ ಇಟ್ಟುಕೊಂಡವರ, ಚಾಟ್‌ಗೆ ಹೋದೆ. ಹತ್ತು ನಿಮಿಷ ಕಾದ ಮೇಲೆ ಒಬ್ಬರು ಬಂದರು. "ನಿಮ್ಮ ಸೈಟಿಗೆ ಜಾಸ್ತಿ ಜನ ಬರ್ತಿದ್ದಾರೆ, ಪ್ಲಾನ್ ಅಪ್‌ಗ್ರೇಡ್ ಮಾಡಿ" ಅಂದರು. ಯಾವ ಮಿತಿ ದಾಟಿದೆ ಅಂತ ಕೇಳಿದೆ. ಅದೇ ಸಾಲು ಮತ್ತೆ ಬಂತು. ಮೂರನೇ ಸಲ ಕೇಳಿದಾಗಲೂ ಅದೇ. ರಾತ್ರಿ ಹನ್ನೊಂದೂವರೆಗೆ, ಜನ ಮಲಗುವ ಹೊತ್ತಿಗೆ, ಬ್ಲಾಗ್ ತಾನಾಗೇ ಎದ್ದು ಕೂತಿತು. ಅಷ್ಟರಲ್ಲಿ ಚಕ್ಕುಲಿ ಮಾಡಬೇಕಾದವರು ಮಾಡಿ ಮುಗಿಸಿದ್ದರು, ಇಲ್ಲವೇ ಬೇರೆ ಕಡೆ ಹೋಗಿದ್ದರು.

ನನ್ನ ಬ್ಲಾಗ್ ಅಂದರೆ ಸಾಗರದ ಕಡೆಯ ಅಡುಗೆಗಳು. 2016ರಲ್ಲಿ ಬ್ಲಾಗರ್‌ನಲ್ಲಿ ಪುಕ್ಕಟೆಯಾಗಿ ಶುರು ಮಾಡಿದ್ದು. 2019ರಲ್ಲಿ ಸ್ವಂತ ಡೊಮೇನ್ (ಬ್ಲಾಗಿನ ವಿಳಾಸದ ಹೆಸರು) ತಗೊಂಡು ವರ್ಡ್‌ಪ್ರೆಸ್‌ಗೆ, ಅಂದರೆ ಬ್ಲಾಗ್ ನಡೆಸುವ ಒಂದು ಸಾಫ್ಟ್‌ವೇರ್‌ಗೆ, ಬಂದೆ. ಈಗ 340 ಅಡುಗೆಗಳಿವೆ. ಅವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅಜ್ಜಿಯ ನೋಟ್‌ಬುಕ್‌ನಿಂದ ಬಂದವು. ಆ ಪುಸ್ತಕದ ಕೆಲವು ಪುಟಗಳಲ್ಲಿ ಅರಿಶಿನದ ಕಲೆ ಕೂತು ಅಕ್ಷರವೇ ಕಾಣುವುದಿಲ್ಲ. ಅಜ್ಜಿ ಇದ್ದಾಗ ಪಕ್ಕದಲ್ಲಿ ಕೂತು ಕೇಳಿ ಬರೆದುಕೊಂಡಿದ್ದು ಬ್ಲಾಗಿನಲ್ಲಿ ಮಾತ್ರ ಇದೆ. ಅಜ್ಜಿ ಈಗಿಲ್ಲ. ಅಂದಮೇಲೆ ಇದು ನನಗೆ ಸುಮ್ನೆ ಒಂದು ವೆಬ್‌ಸೈಟ್ ಅಲ್ಲ. 2008ರ ಸುಮಾರಿಗೆ ನಾನು ಆಸೆಯಿಂದ ಓದುತ್ತಿದ್ದ ಎಷ್ಟೋ ಕನ್ನಡ ಬ್ಲಾಗುಗಳ ಲಿಂಕ್ ಒತ್ತಿದರೆ ಇವತ್ತು ಏನೂ ತೆರೆಯುವುದಿಲ್ಲ. ಆ ಸಾಲಿಗೆ ನನ್ನದೂ ಸೇರಿಬಿಟ್ಟರೆ ಅನ್ನುವ ಭಯ ಆ ರಾತ್ರಿ ಮೊದಲ ಸಲ ಹುಟ್ಟಿತು.

ಹಬ್ಬ ಮುಗಿದ ಮೇಲೆ ಅಕ್ಕನ ಮಗನಿಗೆ ಫೋನ್ ಮಾಡಿದೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. "ಚಿಕ್ಕಿ, ಮೊದಲು ಸಿ-ಪ್ಯಾನೆಲ್, ಅದೇ ಹೋಸ್ಟಿಂಗ್ ಖಾತೆ ನೋಡ್ಕೊಳ್ಳೋ ಪುಟ, ತೆಗಿ. ರಿಸೋರ್ಸ್ ಯೂಸೇಜ್ ಅಂತ ಇರುತ್ತೆ, ಅದನ್ನ ನೋಡು" ಅಂದ. ನೋಡಿದೆ. ಎಂಟ್ರಿ ಪ್ರೋಸೆಸ್ ಅನ್ನುವ ಗೆರೆ ಗುರುವಾರ ಸಂಜೆ ಮೇಲಕ್ಕೆ ಹೋಗಿ 20ಕ್ಕೆ ತಲೆ ತಾಗಿಸಿ ಅಲ್ಲೇ ನಿಂತಿತ್ತು.

ನಾನು ತಗೊಂಡಿದ್ದು ಶೇರ್ಡ್ ಹೋಸ್ಟಿಂಗ್. ಹಳೇ ವಠಾರ ಇದ್ದ ಹಾಗೆ. ಮನೆ ಬೇರೆ ಬೇರೆ, ನಲ್ಲಿ ಒಂದೇ. ಎಲ್ಲರಿಗೂ ನೀರು ಸಿಗಲಿ ಅಂತ ಒಬ್ಬೊಬ್ಬರಿಗೂ ಮಿತಿ ಇಟ್ಟಿರುತ್ತಾರೆ. ಜಾಹೀರಾತಿನಲ್ಲಿ "ಅನ್‌ಲಿಮಿಟೆಡ್" ಅಂದಿದ್ದು ಜಾಗಕ್ಕೆ ಮತ್ತು ಬ್ಯಾಂಡ್‌ವಿಡ್ತ್‌ಗೆ, ಅಂದರೆ ಒಟ್ಟು ಎಷ್ಟು ಡೇಟಾ ಓಡಾಡಬಹುದು ಅನ್ನುವುದಕ್ಕೆ. ಒಂದೇ ಹೊತ್ತಿಗೆ ಎಷ್ಟು ಪುಟಗಳನ್ನು ಸಿದ್ಧ ಮಾಡಬಹುದು ಅನ್ನುವುದಕ್ಕೆ ಮಿತಿ ಇತ್ತು, ಅದು 20. ನನ್ನ ಒಂದು ಪುಟ ಸಿದ್ಧವಾಗಲು ಮೂರು ಸೆಕೆಂಡ್ ಬೇಕಿತ್ತು. ಲೆಕ್ಕ ಹಾಕಿ ನೋಡಿ, ಸೆಕೆಂಡಿಗೆ ಏಳು ಜನ ಬಂದರೆ ಸಾಕು, ಇಪ್ಪತ್ತೂ ತುಂಬಿಹೋಗುತ್ತದೆ. ಚೌತಿಯ ಹಿಂದೆಮುಂದೆ ವಾಟ್ಸಾಪ್ ಗ್ರೂಪುಗಳಲ್ಲಿ ಕೈಚಕ್ಕುಲಿ ಲಿಂಕ್ ಓಡಾಡುವಾಗ ಏಳು ಜನ ದೊಡ್ಡ ಲೆಕ್ಕವೇ ಅಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಆ ಮೂರು ಸೆಕೆಂಡ್ ಹೋಸ್ಟಿಂಗ್ ಕಂಪನಿಯ ತಪ್ಪಲ್ಲ, ನನ್ನದು. ಫೋನಿನಲ್ಲಿ ತೆಗೆದ ನಾಲ್ಕೈದು ಎಂಬಿಯ ಫೋಟೋಗಳನ್ನು ಹಾಗೇ ಏರಿಸುತ್ತಿದ್ದೆ. 31 ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಸೇರಿಸುವ ಸಣ್ಣ ಸಾಫ್ಟ್‌ವೇರ್‌ಗಳು) ಇದ್ದವು, ಹನ್ನೆರಡು ಯಾಕಿವೆ ಅಂತ ನನಗೇ ಗೊತ್ತಿರಲಿಲ್ಲ. ಕ್ಯಾಶ್ ಹಾಕಿರಲಿಲ್ಲ. ಕ್ಯಾಶ್ ಇಲ್ಲದ ಬ್ಲಾಗ್ ಅಂದರೆ ಬಂದವರಿಗೆಲ್ಲ ಒಂದೊಂದೇ ದೋಸೆ ಹುಯ್ದು ಕೊಟ್ಟ ಹಾಗೆ. ಐದು ಜನರಿದ್ದರೆ ಸರಿ, ನೂರು ಜನ ಬಂದರೆ ಆಗುತ್ತಾ? ಕ್ಯಾಶ್ ಇದ್ದರೆ ಪುಟವನ್ನು ಒಮ್ಮೆ ಮಾಡಿಟ್ಟು ಬಂದವರಿಗೆಲ್ಲ ಅದನ್ನೇ ಬಡಿಸುತ್ತದೆ. ಚಿತ್ರಾನ್ನ ಕಲಸಿಟ್ಟ ಹಾಗೆ. ಒಂದು ಭಾನುವಾರ ಪೂರ್ತಿ ಕೂತು ಫೋಟೋ ಕುಗ್ಗಿಸಿದೆ, ಪ್ಲಗಿನ್ ಕಿತ್ತೆ, ಕ್ಯಾಶ್ ಹಾಕಿದೆ. ಮೂರು ಸೆಕೆಂಡ್ ಅರ್ಧ ಸೆಕೆಂಡಿಗೆ ಇಳಿಯಿತು. ಸಂಕ್ರಾಂತಿಯ ಸಕ್ಕರೆ ಅಚ್ಚಿನ ದಿನಗಳು ಅದೇ ಹಳೇ ಪ್ಲಾನಿನಲ್ಲೇ ಏನೂ ತೊಂದರೆಯಿಲ್ಲದೆ ಕಳೆದವು. ಹೋಸ್ಟಿಂಗ್ ಬದಲಿಸಬೇಕು ಅಂದುಕೊಂಡವರು ಮೊದಲು ಈ ಕೆಲಸ ಮಾಡಿ. ದುಡ್ಡು ಉಳಿಯಬಹುದು.

ಹಾಗಾದರೆ ನಾನು ಯಾಕೆ ಬದಲಿಸಿದೆ? ಬ್ಯಾಕಪ್‌ಗಾಗಿ.

ಸ್ವಚ್ಛ ಮಾಡುವ ಆ ಭಾನುವಾರ ಕೈತಪ್ಪಿ ಒಂದು ಫೋಲ್ಡರ್ ಅಳಿಸಿದ್ದೆ. 2021ರ ಮಳೆಗಾಲದ ಫೋಟೋಗಳು, ಕಳಲೆ, ಅಣಬೆ, ಪತ್ರೊಡೆ. "ದಿನವೂ ಬ್ಯಾಕಪ್" ಅಂತ ಪ್ಲಾನಿನಲ್ಲಿ ಬರೆದಿತ್ತು, ಹಾಗಾಗಿ ಧೈರ್ಯವಾಗಿ ಕೇಳಿದೆ. ಕೊನೆಯ ಬ್ಯಾಕಪ್ 19 ದಿನ ಹಳೆಯದು ಅಂದರು. ವಾಪಸ್ ಹಾಕಿಕೊಡಲು ಬೇರೆ ಶುಲ್ಕ. ನಿಯಮಗಳ ಪುಟ ತೆಗೆದು ಓದಿದೆ. ಬ್ಯಾಕಪ್ ಅನ್ನುವುದು ನಾವು ಸೌಜನ್ಯಕ್ಕೆ ಇಡುವುದು, ಅದಕ್ಕೆ ಖಾತ್ರಿ ಇಲ್ಲ, ನಿಮ್ಮ ಪ್ರತಿ ನೀವು ಇಟ್ಟುಕೊಳ್ಳಿ ಅಂತ ಅಲ್ಲಿ ಸ್ಪಷ್ಟವಾಗಿ ಇತ್ತು. ಐದು ವರ್ಷ ದುಡ್ಡು ಕಟ್ಟಿದ್ದೆ, ಆ ಸಾಲನ್ನು ಒಮ್ಮೆಯೂ ಓದಿರಲಿಲ್ಲ. ಫೋಟೋಗಳು ಸಿಕ್ಕವು, ನಿಜ. ಆದರೆ ಆಮೇಲೆ ಬ್ಯಾಕಪ್ ವಿಷಯ ನನ್ನ ತಲೆಯಿಂದ ಇಳಿಯಲೇ ಇಲ್ಲ.

ಪ್ಲಾನ್ 2025ರ ಆಗಸ್ಟ್‌ವರೆಗೆ ಇತ್ತು. ಆತುರ ಇರಲಿಲ್ಲ. ಅಕ್ಟೋಬರ್ ಶುರುವಿನಿಂದ ಐದು ನಿಮಿಷಕ್ಕೊಮ್ಮೆ ಸೈಟ್ ಎದ್ದಿದೆಯಾ ಅಂತ ನೋಡುವ ಒಂದು ಪುಕ್ಕಟೆ ಸೇವೆ ಹಚ್ಚಿಟ್ಟೆ. ಮಾರ್ಚ್ ಕೊನೆಗೆ ಕೂಡಿಸಿ ನೋಡಿದರೆ ಆರು ತಿಂಗಳಲ್ಲಿ 11 ಗಂಟೆ 20 ನಿಮಿಷ ಬ್ಲಾಗ್ ಬಿದ್ದಿತ್ತು. ಜಾಸ್ತಿ ಪಾಲು ನಡುರಾತ್ರಿ ಎರಡರಿಂದ ನಾಲ್ಕರ ಒಳಗೆ. ನಮಗೆ ಅದು ನಿದ್ದೆಯ ಹೊತ್ತು, ಅಮೆರಿಕದಲ್ಲಿರುವ ಓದುಗರಿಗೆ ಅಡುಗೆ ಮಾಡುವ ಹೊತ್ತು. ಕಂಪನಿ ಹೇಳಿದ್ದು 99.9 ಪರ್ಸೆಂಟ್ ಅಪ್‌ಟೈಮ್. ಆ ಸಂಖ್ಯೆಯನ್ನು ನಾನು ಯಾವತ್ತೂ ನಿಮಿಷಕ್ಕೆ ಇಳಿಸಿ ನೋಡಿರಲಿಲ್ಲ. ಮೂವತ್ತು ದಿನದ ತಿಂಗಳಿಗೆ 43 ನಿಮಿಷ ಬೀಳಬಹುದು ಅಂತ ಅರ್ಥ, ಆರು ತಿಂಗಳಿಗೆ ನಾಲ್ಕೂ ಕಾಲು ಗಂಟೆ ಚಿಲ್ಲರೆ. ನನ್ನದು ಅದರ ಎರಡೂವರೆ ಪಟ್ಟು ಬಿದ್ದಿತ್ತು. ಕೇಳಿದರೆ ಪರಿಹಾರ ಸಿಗುತ್ತದೆ, ಆ ತಿಂಗಳ ಬಾಡಿಗೆಯಲ್ಲಿ ಒಂದು ಚೂರು ಮುಂದಿನ ಬಿಲ್ಲಿಗೆ ಜಮಾ.

ಆಮೇಲೆ ಹುಡುಕಾಟ. ಮೊದಲ ಎರಡು ವಾರ "ಟಾಪ್ ಟೆನ್ ಹೋಸ್ಟಿಂಗ್" ಪುಟಗಳನ್ನು ಓದಿ ಹಾಳು ಮಾಡಿದೆ. ಎಲ್ಲ ಕಡೆ ಅವೇ ಐದಾರು ಹೆಸರು. ಆ ಪುಟಗಳ ಲಿಂಕ್ ಒತ್ತಿ ಯಾರಾದರೂ ಕೊಂಡರೆ ಬರೆದವರಿಗೆ ಕಮಿಷನ್ ಹೋಗುತ್ತದೆ. ಕಮಿಷನ್ ತಗೊಳ್ಳುವುದು ತಪ್ಪು ಅಂತಲ್ಲ, ಆದರೆ ಯಾರ ಹೆಸರು ಮೇಲೆ ಬರುತ್ತದೆ ಅನ್ನುವುದು ಅದರಿಂದ ತೀರ್ಮಾನ ಆಗುವ ಸಾಧ್ಯತೆ ಇದೆ. ಇನ್ನೊಂದು ವಿಷಯ ಗೊತ್ತಾಗಿದ್ದು ಆಗಲೇ. ಬೇರೆ ಬೇರೆ ಹೆಸರಿನ ಕಂಪನಿಗಳು ಎಷ್ಟೋ ಸಲ ಒಂದೇ ಮನೆಯವು. 2013ರ ಆಗಸ್ಟ್ 2ರಂದು ಅಮೆರಿಕದ ಯೂಟಾ ರಾಜ್ಯದ ಪ್ರೋವೋ ಊರಿನ ಒಂದು ಡೇಟಾ ಸೆಂಟರ್‌ನಲ್ಲಿ ತೊಂದರೆಯಾದಾಗ ಬ್ಲೂಹೋಸ್ಟ್, ಹೋಸ್ಟ್‌ಗೇಟರ್, ಹೋಸ್ಟ್‌ಮಾನ್‌ಸ್ಟರ್, ಜಸ್ಟ್‌ಹೋಸ್ಟ್ ನಾಲ್ಕಕ್ಕೂ ಪೆಟ್ಟು ಬಿದ್ದಿತ್ತು. ನಾಲ್ಕೂ ಎಂಡ್ಯೂರೆನ್ಸ್ ಅನ್ನುವ ಒಂದೇ ಗುಂಪಿಗೆ ಸೇರಿದ್ದವು. ಮರುವರ್ಷ ನಮ್ಮಲ್ಲಿ ಹೆಸರಾಗಿದ್ದ ಬಿಗ್‌ರಾಕ್ ಕೂಡ ಅದೇ ಗುಂಪಿನ ಪಾಲಾಯಿತು. ಒಂದು ಕಂಪನಿ ಬೇಡ ಅಂತ ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಒಡೆಯ ಯಾರು ಅಂತ ನೋಡಿಕೊಳ್ಳುವುದು ಒಳ್ಳೆಯದು.

ದರದ ಪುಟಗಳನ್ನು ನಾನು ಲೆಕ್ಕದ ಪುಸ್ತಕ ಇಟ್ಟುಕೊಂಡು ಓದಿದೆ. ಒಂದು ಕಡೆ ದೊಡ್ಡ ಅಕ್ಷರದಲ್ಲಿ ತಿಂಗಳಿಗೆ 149 ರೂಪಾಯಿ. ಆ ದರ ಬೇಕಾದರೆ 48 ತಿಂಗಳ ದುಡ್ಡು ಒಟ್ಟಿಗೆ ಕಟ್ಟಬೇಕು. ಶೇಕಡಾ 18 ಜಿಎಸ್‌ಟಿ ಸೇರಿ 8,439 ರೂಪಾಯಿ. ಸರಿ, ಪರವಾಗಿಲ್ಲ. ರಿನ್ಯೂವಲ್ ದರ ಕೆಳಗೆ ಸಣ್ಣ ಅಕ್ಷರದಲ್ಲಿತ್ತು, ತಿಂಗಳಿಗೆ 499. ಅಂದರೆ ಮುಂದಿನ ನಾಲ್ಕು ವರ್ಷಕ್ಕೆ 28,263. ಅಷ್ಟರಲ್ಲಿ ನಮ್ಮ ಎಲ್ಲ ಸಾಮಾನು ಅಲ್ಲೇ ಇರುತ್ತದೆ, ಬಿಟ್ಟು ಬರಲು ಬೇಜಾರು. ಹಾಗಾಗಿ ಮೊದಲ ದರ ನೋಡುವುದನ್ನೇ ಬಿಟ್ಟೆ. ರಿನ್ಯೂವಲ್ ದರ ಮಾತ್ರ ಬರೆದುಕೊಂಡೆ. ಅದನ್ನು ಮುಚ್ಚಿಡದವರನ್ನು ಮಾತ್ರ ಪಟ್ಟಿಯಲ್ಲಿ ಉಳಿಸಿಕೊಂಡೆ.

ಆರು ಹೆಸರು ಉಳಿದವು. ಆರಕ್ಕೂ ಒಂದು ಭಾನುವಾರ ರಾತ್ರಿ ಹತ್ತು ಗಂಟೆಗೆ ಒಂದೇ ಪತ್ರ ಕಳಿಸಿದೆ. ಬೇಕೆಂದೇ ಆ ಹೊತ್ತು ಆರಿಸಿದೆ, ನನ್ನ ಬ್ಲಾಗ್ ಬೀಳುವುದು ಅಂಥ ಹೊತ್ತಿನಲ್ಲೇ. ಪತ್ರದಲ್ಲಿ ಒಂದು ಪ್ರಶ್ನೆ ಕನ್ನಡದವರಿಗೆ ಮಾತ್ರ ಹುಟ್ಟುವಂಥದ್ದು. ನನ್ನ ಪುಟಗಳ ವಿಳಾಸದಲ್ಲಿ ಕನ್ನಡ ಅಕ್ಷರಗಳಿವೆ. ಬ್ರೌಸರಿನಲ್ಲಿ ಚೆಂದವಾಗಿ ಕಾಣುತ್ತದೆ, ಒಳಗೆ ಮಾತ್ರ ಒಂದೊಂದು ಚಿಹ್ನೆಯೂ ಪರ್ಸೆಂಟ್ ಗುರುತುಗಳ ಜೊತೆ ಒಂಬತ್ತು ಅಕ್ಷರ ಆಗುತ್ತದೆ. ಒತ್ತು, ಗುಣಿತ ಎಲ್ಲವೂ ಬೇರೆ ಬೇರೆ ಲೆಕ್ಕ. ವರ್ಡ್‌ಪ್ರೆಸ್ ಪುಟದ ವಿಳಾಸಕ್ಕೆ ಕೊಡುವುದು 200 ಅಕ್ಷರದ ಜಾಗ. ಅಂದರೆ ಕನ್ನಡದಲ್ಲಿ 22 ಚಿಹ್ನೆ. ನನ್ನ ಎಷ್ಟೋ ವಿಳಾಸಗಳು ಪದದ ನಡುವೆ ತುಂಡಾಗಿರುವುದು ಅದಕ್ಕೇ. ಇಂಥ ಉದ್ದದ ಪರ್ಸೆಂಟ್ ಸಾಲುಗಳನ್ನು ಕಂಡರೆ ಕೆಲವು ಸರ್ವರ್‌ಗಳ ಫೈರ್‌ವಾಲ್ ಯಾರೋ ಕಳ್ಳರು ಅಂದುಕೊಂಡು ತಡೆದುಬಿಡುತ್ತದೆ. "ನಿಮ್ಮಲ್ಲಿ ಹೀಗೆ ಆದರೆ ಏನು ಮಾಡುತ್ತೀರಿ?" ಅಂತ ಕೇಳಿದ್ದೆ.

ಮೂರು ಕಂಪನಿಗಳಿಂದ ದರಪಟ್ಟಿ ಬಂತು, ಉತ್ತರ ಬರಲಿಲ್ಲ. ಒಂದು ಸುಮ್ಮನಾಯಿತು. ಇನ್ನೊಂದು ಕಂಪನಿ ಮಂಗಳವಾರ ಬರೆಯಿತು, ಚೆನ್ನಾಗಿಯೇ ಬರೆಯಿತು. ಆರನೆಯದರಿಂದ ನಲವತ್ತು ನಿಮಿಷದಲ್ಲಿ ಉತ್ತರ: "ನಿಮ್ಮ ಒಂದು ಪುಟದ ಲಿಂಕ್ ಕಳಿಸಿ, ಇಲ್ಲಿ ಪರೀಕ್ಷೆ ಮಾಡಿ ಹೇಳುತ್ತೇವೆ." ಕಳಿಸಿದೆ. ಯಾವ ನಿಯಮ ಅಡ್ಡ ಬರಬಹುದು, ಅದನ್ನು ನನ್ನ ಸೈಟಿಗೆ ಮಾತ್ರ ಹೇಗೆ ಸಡಿಲಿಸುತ್ತಾರೆ ಅಂತ ಬರೆದರು. ದರದಲ್ಲಿ ಅವರು ಎಲ್ಲರಿಗಿಂತ ಅಗ್ಗವಲ್ಲ, ಎರಡನೇ ದುಬಾರಿ. ನನ್ನ ಮನಸ್ಸು ಅವತ್ತೇ ಅತ್ತ ವಾಲಿತ್ತು.

ಅವರ ಹೆಸರು ಇಲ್ಲಿ ಬರೆಯುತ್ತಿಲ್ಲ. ಈ ವ್ಯವಹಾರದಲ್ಲಿ ಕಂಪನಿಗಳು ಕೈ ಬದಲಾಗುತ್ತಲೇ ಇರುತ್ತವೆ. ಇವತ್ತು ಚೆನ್ನಾಗಿರುವವರು ನೀವು ಇದನ್ನು ಓದುವಾಗ ಹಾಗೇ ಇರುತ್ತಾರೆ ಅಂತ ನಾನು ಮಾತು ಕೊಡಲಾರೆ. ಅದೇ ಭಾನುವಾರದ ಪತ್ರ ನೀವೂ ಬರೆದು ನೋಡಿ.

ಸರ್ವರ್ ಎಲ್ಲಿರಬೇಕು ಅನ್ನುವುದು ಬೇಗ ತೀರ್ಮಾನವಾಯಿತು. ನನ್ನ ಓದುಗರಲ್ಲಿ ಹತ್ತಕ್ಕೆ ಏಳು ಜನ ಕರ್ನಾಟಕದವರು. ಶಿವಮೊಗ್ಗದ ನಮ್ಮ ಮನೆಯಿಂದ ಪಿಂಗ್ ಮಾಡಿದರೆ ಹಳೇ ಸರ್ವರ್‌ಗೆ, ಅದು ಅಮೆರಿಕದಲ್ಲಿತ್ತು, ಹೋಗಿ ಬರಲು ಸುಮಾರು 250 ಮಿಲಿಸೆಕೆಂಡ್. ಮುಂಬೈಗೆ 35. ಪುಟದ ಮೊದಲ ಅಕ್ಷರ ಬರುವ ಮುಂಚೆ ಬ್ರೌಸರ್ ಮತ್ತು ಸರ್ವರ್ ಮಧ್ಯೆ ಕಡಿಮೆ ಅಂದರೂ ಮೂರು ಸುತ್ತು ಓಡಾಟ ಆಗುತ್ತದೆ. ಅಲ್ಲೇ ಮುಕ್ಕಾಲು ಸೆಕೆಂಡ್ ಹೋಗುತ್ತಿತ್ತು. ಮುಂಬೈ ಆರಿಸಿದೆ. ಹೊರದೇಶದ ಓದುಗರಿಗೆ ಸಿಡಿಎನ್ ಹಾಕಿದೆ, ಅದು ಪುಟಗಳ ಪ್ರತಿಯನ್ನು ಅವರ ಹತ್ತಿರದ ಊರಿನಲ್ಲಿ ಇಟ್ಟಿರುತ್ತದೆ.

ಅಕ್ಕನ ಮಗ ಬೇರೆ ದಾರಿ ಹೇಳಿದ್ದ. "ಚಿಕ್ಕಿ, ಬೆಂಗಳೂರಲ್ಲೇ ಡಿಜಿಟಲ್ ಓಷನ್‌ದು ಡೇಟಾ ಸೆಂಟರ್ ಇದೆ. ತಿಂಗಳಿಗೆ ಆರು ಡಾಲರ್‌ಗೆ ಒಂದು ವಿಪಿಎಸ್ ತಗೋ, ನಾನು ಹಾಕಿಕೊಡ್ತೀನಿ." ಹುಡುಗ ಹೇಳಿದ್ದು ಸರಿಯಾಗಿಯೇ ಇತ್ತು, ಅಗ್ಗವೂ ಹೌದು, ವೇಗವೂ ಹೌದು. ಆದರೆ ವಿಪಿಎಸ್ ಅಂದರೆ ಸರ್ವರ್‌ನಲ್ಲಿ ನಮಗೇ ಅಂತ ಬೇರೆ ಮಾಡಿ ಕೊಡುವ ಪಾಲು, ಅದು ಪೂರ್ತಿ ನಮ್ಮದೇ ಜವಾಬ್ದಾರಿ. ಸರ್ವರ್‌ನ ಅಪ್‌ಡೇಟ್, ಪಿಎಚ್‌ಪಿ (ವರ್ಡ್‌ಪ್ರೆಸ್ ಬರೆದಿರುವ ಭಾಷೆ) ಆವೃತ್ತಿ, ಭದ್ರತೆ ಎಲ್ಲ ಯಾರೋ ನೋಡುತ್ತಿರಬೇಕು. ಅವನು ನೋಡುತ್ತಾನೆ, ಎಷ್ಟು ವರ್ಷ? ನಾಳೆ ಮದುವೆ, ಮಗು, ಬೇರೆ ದೇಶ. ಚೌತಿ ಹಿಂದಿನ ಸಂಜೆ ಅವನ ಆಫೀಸಿನಲ್ಲೂ ಕೆಲಸ ಇರುತ್ತದೆ. ಸಂಬಂಧದ ಮೇಲೆ ಅಂಥ ಭಾರ ಹಾಕುವುದು ನನಗೆ ಇಷ್ಟವಾಗಲಿಲ್ಲ. ದುಡ್ಡು ಕೊಟ್ಟು ಕೇಳುವ ಹಕ್ಕು ಇರುವ ಕಡೆಗೇ ಹೋದೆ, ಸರ್ವರನ್ನು ಕಂಪನಿಯವರೇ ನೋಡಿಕೊಳ್ಳುವ ಮ್ಯಾನೇಜ್ಡ್ ಹೋಸ್ಟಿಂಗ್‌ಗೆ.

ಡೊಮೇನ್ ವಿಷಯಕ್ಕೆ ಬಂದಾಗ ಮೈ ಜುಮ್ಮೆಂದಿತು. 2019ರಲ್ಲಿ ಬ್ಲಾಗ್ ಹಾಕಿಕೊಟ್ಟವರು ತಮ್ಮ ಈಮೇಲ್ ಕೊಟ್ಟೇ ಡೊಮೇನ್ ನೋಂದಾಯಿಸಿದ್ದರು. ಆರು ವರ್ಷ ನನ್ನ ಡೊಮೇನ್ ನನ್ನ ಹೆಸರಿನಲ್ಲೇ ಇರಲಿಲ್ಲ! ಅವರು ಒಳ್ಳೆಯವರು, ಕೇಳಿದ ದಿನವೇ ಬದಲಿಸಿಕೊಟ್ಟರು. ಆಮೇಲೆ ಟ್ರಾನ್ಸ್‌ಫರ್ ಕೋಡ್ ತಗೊಂಡು ಡೊಮೇನನ್ನು ಹೋಸ್ಟಿಂಗ್‌ಗೆ ಸಂಬಂಧವೇ ಇಲ್ಲದ ಬೇರೆ ಕಂಪನಿಗೆ ಸಾಗಿಸಿದೆ. ಹೋಸ್ಟಿಂಗ್‌ನವರ ಜೊತೆ ಜಗಳವಾದರೂ ವಿಳಾಸ ನನ್ನ ಕೈಯಲ್ಲಿ ಇರಬೇಕು. ಇದೊಂದನ್ನು ದಯವಿಟ್ಟು ಇವತ್ತೇ ಪರೀಕ್ಷೆ ಮಾಡಿಕೊಳ್ಳಿ. ಬೇರೆಲ್ಲ ಆಮೇಲೆ.

ಹೊಸ ಕಡೆ ಒಂದು ತಿಂಗಳಿಗೆ ಮಾತ್ರ ದುಡ್ಡು ಕಟ್ಟಿದೆ. ಬ್ಲಾಗಿನ ಒಂದು ಪ್ರತಿಯನ್ನು ಅಲ್ಲಿ ಇಟ್ಟು, ಮೂರನೇ ದಿನ ಅಪ್ಪೆಹುಳಿಯ ಪುಟವನ್ನು ಬೇಕೆಂದೇ ಅಳಿಸಿದೆ. ಫೋಟೋಗಳ ಸಮೇತ. ಆಮೇಲೆ ಸಹಾಯ ಕೇಳಿ ಬರೆದೆ: "ನಿನ್ನೆಯ ಬ್ಯಾಕಪ್‌ನಿಂದ ಇದೊಂದನ್ನು ವಾಪಸ್ ಹಾಕಿಕೊಡಿ." ಇಪ್ಪತ್ತೈದು ನಿಮಿಷಕ್ಕೆ ಅಪ್ಪೆಹುಳಿ ವಾಪಸ್ ಬಂತು. ಶುಲ್ಕ ಇಲ್ಲ. ಆ ಬ್ಯಾಕಪ್ ಎಲ್ಲಿ ಇಡುತ್ತೀರಿ ಅಂತಲೂ ಕೇಳಿದೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್‌ಗೆ ಬೆಂಕಿ ಬಿದ್ದು ಒಂದು ಕಟ್ಟಡ ಪೂರ್ತಿ ಸುಟ್ಟುಹೋಯಿತು. ಬ್ಯಾಕಪ್ ಕೂಡ ಅದೇ ಜಾಗದಲ್ಲಿ ಇದ್ದವರು ಎರಡನ್ನೂ ಕಳೆದುಕೊಂಡರು. ಅದನ್ನು ಓದಿದ ಮೇಲೆ ಈ ಪ್ರಶ್ನೆ ಬಿಡುವಂತಿರಲಿಲ್ಲ. ಬೇರೆ ಊರಿನಲ್ಲಿ ಅಂತ ಉತ್ತರ ಬಂತು. ಆದರೂ ತಿಂಗಳ ಮೊದಲ ದಿನ ನಾನೇ ಒಂದು ಪ್ರತಿ ಇಳಿಸಿ ಹಾರ್ಡ್‌ಡಿಸ್ಕಿಗೆ ಹಾಕುತ್ತೇನೆ. ಅದು ಅಜ್ಜಿಯ ನೋಟ್‌ಬುಕ್ ಇರುವ ಟ್ರಂಕಿನಲ್ಲೇ ಇದೆ.

ಸಾಗಿಸುವ ಕೆಲಸಕ್ಕೆ ಜುಲೈ ಮೊದಲ ವಾರ ಆರಿಸಿದೆ. ಅಮ್ಮ ಒಪ್ಪಲಿಲ್ಲ. "ಆಷಾಢದಲ್ಲಿ ಯಾರಾದ್ರೂ ಮನೆ ಬದಲಾಯಿಸ್ತಾರೇನೇ?" ಆದರೆ ಅಡುಗೆ ಬ್ಲಾಗಿಗೆ ವರ್ಷದಲ್ಲಿ ಅತಿ ಕಡಿಮೆ ಜನ ಬರುವುದು ಆಷಾಢದಲ್ಲೇ. ಹಬ್ಬ ಇಲ್ಲ, ಮದುವೆ ಇಲ್ಲ. ಏನಾದರೂ ಕೆಟ್ಟರೆ ಸರಿಮಾಡಲು ಪುರುಸೊತ್ತು ಇರುತ್ತದೆ. ಅಮ್ಮನಿಗೆ ಹಾಗೆ ಬಿಡಿಸಿ ಹೇಳಿದ ಮೇಲೆ "ಸರಿ, ದೇವರಿಗೆ ಒಂದು ದೀಪ ಹಚ್ಚಿ ಶುರು ಮಾಡು" ಅಂದಳು. ಹಚ್ಚಿದೆ.

ಡೊಮೇನ್ ಯಾವ ಸರ್ವರ್‌ನಲ್ಲಿದೆ ಅಂತ ಹೇಳುವ ವ್ಯವಸ್ಥೆ ಡಿಎನ್ಎಸ್. ಹಿಂದಿನ ದಿನವೇ ಅದರ ಟಿಟಿಎಲ್ ಅನ್ನು, ಅಂದರೆ ಆ ಮಾಹಿತಿಯನ್ನು ಬೇರೆ ಕಂಪ್ಯೂಟರುಗಳು ನೆನಪಿಟ್ಟುಕೊಳ್ಳುವ ಅವಧಿಯನ್ನು, 300 ಸೆಕೆಂಡಿಗೆ ಇಳಿಸಿದ್ದೆ. ಆಗ ವಿಳಾಸ ಬದಲಿಸಿದರೆ ಸುದ್ದಿ ಬೇಗ ಹಬ್ಬುತ್ತದೆ. ನನ್ನ ಲ್ಯಾಪ್‌ಟಾಪಿಗೆ ಮಾತ್ರ ಅನ್ವಯಿಸುವ ವಿಳಾಸದ ಪಟ್ಟಿಯಾದ ಹೋಸ್ಟ್ಸ್ ಫೈಲಿನಲ್ಲಿ ಹೊಸ ಸರ್ವರ್‌ನ ಐಪಿ (ಸಂಖ್ಯೆಯ ವಿಳಾಸ) ಬರೆದು, ಲೋಕಕ್ಕೆ ಹಳೇ ಬ್ಲಾಗ್ ಕಾಣುತ್ತಿರುವಾಗಲೇ ಹೊಸದನ್ನು ತೆರೆದು ನೋಡಿದೆ.

ಎದೆ ಧಸಕ್ಕೆಂದಿತು. ಒಂದು ಕನ್ನಡ ಅಕ್ಷರ ಇಲ್ಲ. ತಂಬುಳಿ ಅನ್ನುವ ಪದದ ಜಾಗದಲ್ಲಿ ಆರು ಪ್ರಶ್ನೆ ಚಿಹ್ನೆ. ಪುಟ ಕೆಳಗೆ ಸರಿಸಿದಷ್ಟೂ ಪ್ರಶ್ನೆ ಚಿಹ್ನೆಗಳ ಸಾಲು, ನಡುನಡುವೆ ಸರಿಯಾಗಿ ಉಳಿದಿದ್ದು ಸಂಖ್ಯೆಗಳು ಮಾತ್ರ. 340 ಅಡುಗೆ, ಎಲ್ಲ ಹಾಗೇ. ಗಾಬರಿಯಲ್ಲಿ ಒಂದು ಪುಟ ತೆರೆದು ಸರಿಮಾಡಲು ಹೊರಟೆ. ಫೋನಿನಲ್ಲಿದ್ದ ಅಕ್ಕನ ಮಗ ಕೂಗಿದ, "ಚಿಕ್ಕಿ, ಏನೂ ಸೇವ್ ಮಾಡಬೇಡ! ಮುಟ್ಟಬೇಡ!"

ಬ್ಲಾಗಿನ ಬರಹವೆಲ್ಲ ಇರುವ ಡೇಟಾಬೇಸಿನಲ್ಲಿ ಕನ್ನಡ ಸುರಕ್ಷಿತವಾಗಿತ್ತು. ಹೊಸದಾಗಿ ಬರೆದ ಡಬ್ಲ್ಯೂಪಿ-ಕಾನ್ಫಿಗ್ ಅನ್ನುವ ವರ್ಡ್‌ಪ್ರೆಸ್‌ನ ಸೆಟ್ಟಿಂಗ್ ಫೈಲಿನಲ್ಲಿ, ಅಕ್ಷರಗಳಿಗೆ ಯಾವ ಸಂಕೇತ ಬಳಸಬೇಕು ಅಂತ ಹೇಳುವ ಡಿಬಿ-ಚಾರ್‌ಸೆಟ್ ಸಾಲನ್ನು ನಾನು ಖಾಲಿ ಬಿಟ್ಟಿದ್ದೆ. ಅದು ಖಾಲಿ ಇದ್ದಾಗ ಆ ಸರ್ವರ್ ತನ್ನ ರೂಢಿಯ ಲ್ಯಾಟಿನ್-1 ಸಂಕೇತದಲ್ಲಿ ಮಾತಾಡುತ್ತಿತ್ತು. ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ, ಗೊತ್ತಿಲ್ಲದ ಪ್ರತಿ ಚಿಹ್ನೆಗೂ ಒಂದು ಪ್ರಶ್ನೆ ಚಿಹ್ನೆ ಕೊಡುತ್ತದೆ. ಆ ಸ್ಥಿತಿಯಲ್ಲಿ ಸೇವ್ ಒತ್ತಿದ್ದರೆ ಪ್ರಶ್ನೆ ಚಿಹ್ನೆಗಳೇ ಡೇಟಾಬೇಸಿಗೆ ಹೋಗಿ ಕೂರುತ್ತಿದ್ದವು, ಆ ಪುಟ ಅಲ್ಲಿಗೆ ಮುಗಿದ ಹಾಗೆ. ಖಾಲಿ ಜಾಗದಲ್ಲಿ ಕನ್ನಡಕ್ಕೂ ಜಾಗವಿರುವ ಸಂಕೇತದ ಹೆಸರು, ಯುಟಿಎಫ್8ಎಂಬಿ4 ಅಂತ ಬರೆದು ಪುಟ ಮತ್ತೆ ತೆರೆದೆ. "ಒಂದೆಲಗದ ತಂಬುಳಿ" ಅಂತ ಮೇಲುಗಡೆ ಕಂಡಿತು. ಅದನ್ನು ಅಷ್ಟು ಹೊತ್ತು ಯಾವತ್ತೂ ನೋಡಿರಲಿಲ್ಲ.

ಡಿಎನ್ಎಸ್ ಬದಲಿಸಿ ಅರ್ಧ ಗಂಟೆಯಲ್ಲಿ ನಮ್ಮ ಮನೆಯಲ್ಲಿ ಹೊಸ ಸರ್ವರ್ ಕಾಣತೊಡಗಿತು. ಹಳೇ ಖಾತೆಯನ್ನು ಇನ್ನೊಂದು ತಿಂಗಳು ಹಾಗೇ ಇಟ್ಟಿದ್ದೆ.

2025ರ ಆಗಸ್ಟ್ 25, ಸೋಮವಾರ. ಮರುದಿನ ಗೌರಿ ಹಬ್ಬ. ಸಂಜೆ ಆರರಿಂದಲೇ ಲ್ಯಾಪ್‌ಟಾಪ್ ಅಡುಗೆಮನೆಯ ಕಟ್ಟೆ ಮೇಲೆ ಇಟ್ಟುಕೊಂಡಿದ್ದೆ. ಎಂಟು ಗಂಟೆಗೆ ಓದುಗರ ಸಂಖ್ಯೆಯ ಗೆರೆ ಏರಿತು, ಹೋದ ವರ್ಷದ ಎರಡು ಪಟ್ಟು. ಪುಟಗಳು ತೆರೆಯುತ್ತಲೇ ಇದ್ದವು. ಒಂಬತ್ತೂವರೆಗೆ ಚಕ್ಕುಲಿ ಪುಟದ ಕೆಳಗೆ ಒಬ್ಬರು ಕೇಳಿದ್ದರು, "ಹಿಟ್ಟು ಕೈಯಲ್ಲಿ ಸುತ್ತುವಾಗ ಒಡೀತಿದೆ, ಏನು ಮಾಡಲಿ?" ಅಕ್ಕಿ ನಾಲ್ಕು ಪಾಲಿಗೆ ಹುರಿದ ಉದ್ದು ಒಂದು ಪಾಲು ಇದೆಯಾ ನೋಡಿ, ಬಿಸಿ ನೀರು ಚಿಮುಕಿಸಿ ಇನ್ನೊಂದು ಸಲ ನಾದಿ ಅಂತ ಬರೆದೆ. ಹತ್ತು ನಿಮಿಷ ಬಿಟ್ಟು ಫೋಟೋ ಬಂತು. ಮೂರು ಸುತ್ತಿನ ಚಕ್ಕುಲಿ, ಎಲ್ಲೂ ಒಡೆದಿರಲಿಲ್ಲ.